ಹದಿಮೂರನೆಯ ತೂತು

ಆರನೆಯ ಇಲಿಯೂ ತಪ್ಪು ತೂತಿಗೆ ಮೂಗು ಹಾಕಿದಾಗ ನಾನು ಪೆನ್ನು ಕೆಳಗಿಟ್ಟೆ.

"ಇದೂ ಹೋಯ್ತಾ?" ಎಂದರು ವೆಂಕಟರಾಯಪ್ಪ. ನಮ್ಮ ಫಾರ್ಮಸಿ ಕಾಲೇಜಿನ ಇಲಿಮನೆ ನೋಡಿಕೊಳ್ಳುವವರು ಅವರು. ಘಾಟಿ ರಸ್ತೆಯ ಹಳ್ಳಿಯೊಂದರಲ್ಲಿ ಅವರಿಗೆ ಎರಡೆಕರೆ ರಾಗಿ ಹೊಲ ಇದೆ, ಇಲ್ಲಿ ಇನ್ನೂರು ಇಲಿ ಇವೆ. ಎರಡನ್ನೂ ಒಂದೇ ಧ್ಯಾನದಲ್ಲಿ ನೋಡಿಕೊಳ್ಳುತ್ತಾರೆ.

"ಹೋಯ್ತು."

"ಐದು ದಿನ ಕಲ್ತಿದ್ದು ಒಂದೇ ರಾತ್ರೀಲಿ ಮರ್ತ್‌ಬಿಡ್ತಾ? ನಮ್ ಮೊಮ್ಮಗನಿಗಿಂತ ಕಡೆ ಆಯ್ತಲ್ಲಮ್ಮ."

ನಾನು ನಗಲಿಲ್ಲ. ಮೇಜಿನ ಮೇಲಿದ್ದ ಬಿಳಿ ಇಲಿಯನ್ನು ಬಾಲದ ಬುಡದಲ್ಲಿ ಹಿಡಿದು ಅಂಗೈ ಮೇಲೆ ಕೂರಿಸಿ ಗೂಡಿಗೆ ಬಿಟ್ಟೆ. ಮೇಜನ್ನು ಸ್ಪಿರಿಟ್ಟಿನಲ್ಲಿ ಒರೆಸಿದೆ. ಹಿಂದಿನ ಇಲಿಯ ವಾಸನೆ ಮುಂದಿನದಕ್ಕೆ ದಾರಿ ತೋರಿಸಬಾರದು.

ಅದು ಸೊಂಟದೆತ್ತರದ ದುಂಡು ಮೇಜು. ಅಂಚಿನ ಸುತ್ತ ಇಪ್ಪತ್ತು ತೂತು. ಹತ್ತೊಂಬತ್ತರ ಕೆಳಗೆ ಏನೂ ಇಲ್ಲ. ಹದಿಮೂರನೆಯದರ ಕೆಳಗೆ ಮಾತ್ರ ಕತ್ತಲೆಯ ಪುಟ್ಟ ಪೆಟ್ಟಿಗೆ. ಬೆಳಕಿನಲ್ಲಿ ಬಯಲಿಗೆ ಬಿಟ್ಟರೆ ಇಲಿಗೆ ಸಮಾಧಾನವಿಲ್ಲ, ಅಡಗಲು ಜಾಗ ಹುಡುಕುತ್ತದೆ. ಐದು ದಿನ ಬಿಟ್ಟರೆ ಹದಿಮೂರನೆಯ ತೂತು ಎಲ್ಲಿದೆಯೆಂದು ಕಲಿಯುತ್ತದೆ. ಆರನೆಯ ದಿನ ಪೆಟ್ಟಿಗೆ ತೆಗೆದುಬಿಡುತ್ತೇವೆ. ಆಗಲೂ ಅಲ್ಲಿಗೇ ಹೋದರೆ ಜಾಗ ನೆನಪಿದೆ ಎಂದು ಅರ್ಥ.

ಮೆದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕವಿದೆ. ಸುಖ ಕೊಡುವುದು ಅದೇ ಎಂದು ಜನ ಮೊಬೈಲಿನಲ್ಲಿ ಓದಿಕೊಂಡು ಹೇಳುತ್ತಾರೆ. ಅದಕ್ಕೆ ಬೇರೆ ಕೆಲಸಗಳೂ ಇವೆ. ಹೊಸ ಜಾಗ ಕಲಿಯಲು ಅದು ಬೇಕು ಎನ್ನುವುದು ಹಳೆಯ ಮಾತು. ನನ್ನ ಪ್ರಶ್ನೆ ಬೇರೆ. ಕಲಿತದ್ದು ಆಗಲೇ ತಲೆಯಲ್ಲಿ ಕೂತಿದೆ. ಅದನ್ನು ಬೇಕಾದಾಗ ಹೊರಗೆ ತೆಗೆಯಲೂ ಡೋಪಮೈನ್ ಬೇಕೆ? ಅದಕ್ಕಾಗಿ ಆರನೆಯ ದಿನ ಪರೀಕ್ಷೆಗೆ ಅರ್ಧ ಗಂಟೆ ಮೊದಲು ಆರು ಇಲಿಗಳಿಗೆ ಬರಿ ಉಪ್ಪುನೀರು, ಇನ್ನಾರಕ್ಕೆ ಡೋಪಮೈನ್ ತಡೆಯುವ ಔಷಧಿ. ಕಾಲು ನಿಧಾನವಾಗದಷ್ಟು ಸಣ್ಣ ಪ್ರಮಾಣ.

ಮೊದಲ ತಂಡದಲ್ಲಿ ಫಲಿತಾಂಶ ಗೆರೆ ಎಳೆದ ಹಾಗೆ ಬಂದಿತ್ತು. ಉಪ್ಪುನೀರಿನ ಆರೂ ಒಂದೆರಡು ತಪ್ಪು ಮಾಡಿ ಹದಿಮೂರಕ್ಕೆ ಹೋದವು. ಔಷಧಿಯ ಆರೂ ಅಲೆದವು. ನನ್ನ ಗೈಡ್ ವಾಣಿಶ್ರೀ ಮೇಡಂ ಅದರ ಸಾರಾಂಶವನ್ನು ಬೆಂಗಳೂರಿನ ಸಮ್ಮೇಳನವೊಂದಕ್ಕೆ ಕಳಿಸಿಯೂ ಆಗಿತ್ತು. ಈಗ ಎರಡನೆಯ ತಂಡ ಉಪ್ಪುನೀರು, ಔಷಧಿ ಎಂಬ ಭೇದವಿಲ್ಲದೆ ದಾರಿ ತಪ್ಪುತ್ತಿತ್ತು.

ದಿನದ ಹಾಳೆಯ ತಲೆಯಲ್ಲಿ ಮೂರು ಖಾನೆ ಇರುತ್ತವೆ. ಬೆಳಿಗ್ಗೆಯೇ ತುಂಬಿದ್ದೆ. ಬೆಳಕು: ಸರಿ. ಉಷ್ಣಾಂಶ: ಇಪ್ಪತ್ತನಾಲ್ಕು. ಸದ್ದು: ನಿಶ್ಶಬ್ದ. ಮೊದಲ ದಿನದಿಂದಲೂ ಹಾಗೆಯೇ ಬರೆಯುತ್ತ ಬಂದಿದ್ದೆ.

ಹನ್ನೆರಡನೆಯ ಇಲಿಯ ಹೊತ್ತಿಗೆ ಗೋಡೆ ಗಡಿಯಾರದ ಮುಳ್ಳು ತಲೆಯೊಳಗೆ ಬಡಿದ ಹಾಗೆ ಕೇಳಿಸತೊಡಗಿತು. ಆ ಗಡಿಯಾರ ಸದ್ದು ಮಾಡುತ್ತದೆಂದೇ ನನಗೆ ಅದುವರೆಗೆ ಗೊತ್ತಿರಲಿಲ್ಲ. ಗಾಬರಿಯಾದರೆ ಹೀಗಾಗುತ್ತದೆ ಅಂದುಕೊಂಡೆ. ಹನ್ನೆರಡನೆಯದೂ ನಾಲ್ಕನೆಯ ತೂತಿನಲ್ಲಿ ಮೂಗು ತೂರಿಸಿ ಕೂತಿತು.

ಮಾರನೆಯ ದಿನ ಗುರುವಾರ ಮೇಡಂ ತಮ್ಮ ಕೋಣೆಗೆ ಕರೆದರು. ಹಾಳೆಗಳನ್ನು ಎರಡು ಸಲ ತಿರುವಿ ಹಾಕಿ, ಕನ್ನಡಕ ತೆಗೆದು ಇಟ್ಟರು.

"ಸಿರಿಂಜ್ ಅದಲು ಬದಲಾಗಿದೆ, ಅರುಣಾ."

"ಇಲ್ಲ ಮೇಡಂ. ಅದಲು ಬದಲಾಗಿದ್ರೆ ಆರಾದ್ರೂ ಸರಿ ಹೋಗ್ಬೇಕಿತ್ತು. ಹನ್ನೆರಡೂ ತಪ್ಪಿವೆ."

"ಹಂಗಾದ್ರೆ ಹನ್ನೆರಡಕ್ಕೂ ಔಷಧಿನೇ ಕೊಟ್ಟಿದ್ದೀಯ."

"ಇಲ್ಲ."

"ಹೆಂಗ್ ಹೇಳ್ತೀಯ?"

"ನಾನೇ ಕೊಟ್ಟಿದ್ದು ಮೇಡಂ. ನಂಗೊತ್ತು."

"ಗೊತ್ತು ಅನ್ನೋದು ಪುರಾವೆ ಅಲ್ಲ ಅಂತ ನಿಂಗೆ ಹೇಳ್ಕೊಟ್ಟಿದ್ದೇ ನಾನು."

ಅದು ನಿಜ. ಅವರು ಕೆಟ್ಟವರಲ್ಲ. ಸರಿಯಾಗಿ ಕಲಿಸುತ್ತಾರೆ, ಇಲಿಗಳ ಗೂಡು ಗಲೀಜಾಗಿದ್ದರೆ ಪ್ರಿನ್ಸಿಪಾಲರ ಜೊತೆಗೂ ಜಗಳಕ್ಕೆ ನಿಲ್ಲುತ್ತಾರೆ. ಆದರೆ ಸಮ್ಮೇಳನಕ್ಕೆ ಹೆಸರು ಹೋಗಿತ್ತು, ನನ್ನ ಪ್ರಬಂಧ ಒಪ್ಪಿಸಲು ಐದು ವಾರ ಉಳಿದಿತ್ತು, ಪ್ರಾಣಿ ಪ್ರಯೋಗದ ಸಮಿತಿ ಒಟ್ಟು ಮೂವತ್ತಾರು ಇಲಿಗೆ ಮಾತ್ರ ಒಪ್ಪಿಗೆ ಕೊಟ್ಟಿತ್ತು. ಉಳಿದದ್ದು ಹನ್ನೆರಡು. ಮೇಡಂ ಟೈಪ್ ಮಾಡಿಟ್ಟಿದ್ದ ಹಾಳೆಯೊಂದನ್ನು ನನ್ನತ್ತ ಸರಿಸಿದರು. ಎರಡನೆಯ ತಂಡದ ಫಲಿತಾಂಶ ಕೈಬಿಡಲಾಗಿದೆ, ಕಾರಣ ಚುಚ್ಚುಮದ್ದು ನೀಡುವಲ್ಲಿ ವಿದ್ಯಾರ್ಥಿನಿಯ ದೋಷ ಎಂದಿತ್ತು. ಕೆಳಗೆ ನನ್ನ ಸಹಿಗೆ ಜಾಗ.

"ಒಂದು ಸಾಲು ಅಷ್ಟೇ. ಯಾರೂ ಓದಲ್ಲ. ಮೂರನೇ ಬ್ಯಾಚ್ ಮೊದಲ್ನೇದರ ಥರಾನೇ ಬರುತ್ತೆ, ಮುಗೀತು."

"ಯಾರೂ ಓದಲ್ಲ ಅಂದ್ಮೇಲೆ ಯಾಕೆ ಬರೀಬೇಕು ಮೇಡಂ?"

"ವಾದ ಬೇಡ. ಹಾಳೆ ನನ್ ಹತ್ರಾನೇ ಇರ್ಲಿ, ಸೋಮವಾರ ಸಹಿ ಮಾಡು."

ಓದುವವರು ಇದ್ದರು. ಆ ಹಾಳೆ ಸಮಿತಿಯ ಕಡತಕ್ಕೆ ಹೋಗುತ್ತದೆ. ದೇವನಹಳ್ಳಿಯ ಕಡೆ ಔಷಧಿ ಪರೀಕ್ಷಿಸುವ ಖಾಸಗಿ ಲ್ಯಾಬುಗಳಿವೆ. ನಮ್ಮಂಥವರಿಗೆ ಕೆಲಸ ಸಿಗುವುದು ಅಲ್ಲಿ. ಅವರು ಅಂಕಪಟ್ಟಿ ನೋಡುವುದಕ್ಕಿಂತ ಮೊದಲು ಗೈಡಿಗೆ ಫೋನು ಮಾಡಿ ಒಂದೇ ಪ್ರಶ್ನೆ ಕೇಳುತ್ತಾರೆ: ಹುಡುಗಿಯ ಕೈ ಹೇಗೆ? ಸಿರಿಂಜ್ ಬೆರೆಸಿದವಳು ಎಂದು ಒಮ್ಮೆ ಬರೆದರೆ ಮತ್ತೆ ಯಾರೂ ಇಲಿಮನೆಗೆ ಸೇರಿಸುವುದಿಲ್ಲ. ಅದಕ್ಕಿಂತ ಮುಖ್ಯವಾಗಿ ನಾನು ಬೆರೆಸಿರಲಿಲ್ಲ. ಮಾಡದ ತಪ್ಪಿಗೆ ಸಹಿ ಹಾಕುವುದಿಲ್ಲ ಎಂದು ಮೆಟ್ಟಿಲಿಳಿಯುವ ಮೊದಲೇ ತೀರ್ಮಾನಿಸಿದೆ. ಆದರೆ ನಾನು ಬೆರೆಸಿಲ್ಲವಾದರೆ ಮತ್ತೇನಾಯಿತು ಎನ್ನುವುದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ. ಸೋಮವಾರದೊಳಗೆ ಬೇಕಿತ್ತು.

ಭಾನುವಾರ ಊರಿಗೆ ಹೋದೆ. ಊರೆಂದರೆ ದೊಡ್ಡಬಳ್ಳಾಪುರ, ಕಾಲೇಜಿನಿಂದ ಆರು ಮೈಲಿ. ಇಷ್ಟು ಹತ್ತಿರವಿದ್ದೂ ನಾನು ಹಾಸ್ಟೆಲಿನಲ್ಲಿರುವುದಕ್ಕೆ ಕಾರಣ ಸರಳ. ನಮ್ಮ ಮನೆಯಲ್ಲಿ ನಾಲ್ಕು ವಿದ್ಯುತ್ ಮಗ್ಗ, ಐದು ಜನ. ಒಂದು ಟೇಬಲ್ ಹಾಕುವಷ್ಟು ನೆಲ ಖಾಲಿ ಇಲ್ಲ.

ಪ್ರತಿ ಪರೀಕ್ಷೆಯನ್ನೂ, ಅದಕ್ಕೆ ಮೊದಲಿನ ಚುಚ್ಚುಮದ್ದಿನಿಂದಲೇ, ಸ್ಟ್ಯಾಂಡಿಗೆ ಸಿಕ್ಕಿಸಿದ ಮೊಬೈಲಿನಲ್ಲಿ ಚಿತ್ರೀಕರಿಸಿದ್ದೆ. ಚಿತ್ರದ ಮೂಲೆಯಲ್ಲಿ ಸಿರಿಂಜ್ ಇಡುವ ತಟ್ಟೆಯೂ ಕಾಣುತ್ತದೆ. ನನ್ನ ಕೈ ಯಾವುದನ್ನು ಎತ್ತಿಕೊಂಡಿತು ಎಂದು ನೋಡಲು ಮಗ್ಗದ ಪಕ್ಕ ಕಾಲು ಮಡಿಚಿ ಕೂತೆ. ಕೆಂಪು ಪಟ್ಟಿಯದು ಆರು ಸಲ, ನೀಲಿ ಪಟ್ಟಿಯದು ಆರು ಸಲ. ಎಲ್ಲೂ ತಪ್ಪಿಲ್ಲ. ಅಷ್ಟರಲ್ಲಿ ಕರೆಂಟು ಹೋಯಿತು. ಮಗ್ಗಗಳು ಒಂದೊಂದಾಗಿ ನಿಂತವು.

ಅಣ್ಣ ಶಶಿಕುಮಾರ ಬೈದುಕೊಂಡು, ಆ ಸಮಯದಲ್ಲೇ ಹಾಸಿನಲ್ಲಿ ಕಡಿದ ಎಳೆಗಳಿಗೆ ಗಂಟು ಹಾಕಲು ಕೂತ. ಅವನು ಬೆನ್ನು ತಿರುಗಿಸಿಕೊಂಡೇ ಕೆಲಸ ಮಾಡುವವನು. ಎಳೆ ಕಡಿದದ್ದು, ಲಾಳಿ ತಡವರಿಸಿದ್ದು, ಮೋಟಾರಿನ ಬೆಲ್ಟು ಜಾರಿದ್ದು ಎಲ್ಲ ಅವನಿಗೆ ಕಿವಿಯಿಂದಲೇ ಗೊತ್ತಾಗುತ್ತದೆ.

ನಾನು ಮೊದಲ ತಂಡದ ಚಿತ್ರ ಹಚ್ಚಿದೆ. ಮನೆ ಸುಮ್ಮನಿದ್ದುದರಿಂದ ಮೊಬೈಲಿನ ಸದ್ದು ಕೇಳಿಸುತ್ತಿತ್ತು.

"ಯಾರ ಶೆಡ್ಡೇ ಅದು?" ಎಂದ ಶಶಿ, ತಿರುಗದೆ.

"ಯಾವ್ದು?"

"ನಿನ್ ಫೋನಲ್ಲಿ. ಹದಿನೈದು ಹದಿನಾರು ಮಗ್ಗ ಓಡ್ತಾ ಇದಾವೆ. ಒಂದ್ರದ್ದು ಹೊಡೆಯೋ ಕೋಲು ಸಡಿಲ ಆಗಿದೆ. ಹೇಳು ಅವ್ರಿಗೆ, ಲಾಳಿ ಎಗರುತ್ತೆ."

"ಇದು ಇಲಿ ವಿಡಿಯೋ ಕಣೋ. ಸದ್ದೇ ಇಲ್ಲ ಇದ್ರಲ್ಲಿ."

ಅವನು ಈಗ ತಿರುಗಿ ನೋಡಿದ. "ಇಲಿಗಳು ನೇಯ್ತಾ ಇದಾವಾ ಹಂಗಾದ್ರೆ?"

ಮೊಬೈಲನ್ನು ಕಿವಿಗೆ ಹಿಡಿದೆ. ಒಂದು ನಿಮಿಷ ಬೇಕಾಯಿತು. ಹುಟ್ಟಿದಾಗಿನಿಂದ ಕೇಳಿದ ಸದ್ದನ್ನು ಸದ್ದೆಂದು ಕೇಳಿಸಿಕೊಳ್ಳುವುದು ಸುಲಭವಲ್ಲ. ಆಮೇಲೆ ಕೇಳಿಸಿತು. ಕಾಲೇಜಿನ ಕಾಂಪೌಂಡಿನಾಚೆ ಸಂಜೀವಪ್ಪ ಮಾವನ ಶೆಡ್ಡಿದೆ. ಇಲಿಮನೆಯ ಪಡುವಣ ಗೋಡೆಯ ಮೇಲ್ಗಡೆ ಗಾಳಿಗೆಂದು ಬಿಟ್ಟ ಕಿಂಡಿಯಿಂದ ಹದಿನಾರು ಮಗ್ಗದ ಸದ್ದು ನೇರವಾಗಿ ಒಳಗೆ ಬೀಳುತ್ತಿತ್ತು. ಆ ಗೋಡೆಯ ಕಡೆಗೇ ಹದಿಮೂರನೆಯ ತೂತು.

ಎರಡನೆಯ ತಂಡದ ಪರೀಕ್ಷೆಯ ಚಿತ್ರ ಹಚ್ಚಿದೆ. ಅದರಲ್ಲಿ ಕೇಳಿಸಿದ್ದು ಗಡಿಯಾರ, ವೆಂಕಟರಾಯಪ್ಪನವರ ಕೆಮ್ಮು.

"ಇದು ಅಮಾಸೆ ದಿನ ತೆಗ್ದಿದ್ದಾ?" ಎಂದ ಶಶಿ.

ಗೋಡೆಯ ಕ್ಯಾಲೆಂಡರ್ ನೋಡಿದೆ. ಬುಧವಾರದ ಚೌಕದಲ್ಲಿ ಕಪ್ಪು ದುಂಡು. ನಮ್ಮ ನೇಕಾರರಲ್ಲಿ ಅಮಾವಾಸ್ಯೆಯ ದಿನ ಮಗ್ಗ ಓಡಿಸುವುದಿಲ್ಲ. ಈಗೀಗ ಹಲವರು ಬಿಟ್ಟಿದ್ದಾರೆ. ಸಂಜೀವಪ್ಪ ಮಾವ ಬಿಟ್ಟಿಲ್ಲ. ಅವತ್ತು ಮಗ್ಗ ಒರೆಸಿ, ಕುಂಕುಮ ಇಟ್ಟು, ಬಾಗಿಲೆಳೆದು ಮನೆಗೆ ಹೋಗುತ್ತಾನೆ.

ನಮ್ಮ ಇಲಿಗಳು ಬಿಳಿಯ ಜಾತಿ, ಕಣ್ಣು ಕೆಂಪು. ಅವಕ್ಕೆ ನೋಟ ಮಂದ. ದಿಕ್ಕು ಗುರುತಿಸಲೆಂದು ನಾನು ಗೋಡೆಗೆ ಅಂಟಿಸಿದ್ದ ಬಣ್ಣದ ಕಾಗದದ ತ್ರಿಕೋನ, ಚೌಕಗಳು ಅವಕ್ಕೆ ಕಂಡೇ ಇರಲಿಕ್ಕಿಲ್ಲ. ಅವು ಕಿವಿ ನಂಬಿದ್ದವು. ಐದು ದಿನ ಮಗ್ಗದ ಕಡೆ ನಡೆದರೆ ಪೆಟ್ಟಿಗೆ ಸಿಕ್ಕಿತ್ತು. ಆರನೆಯ ದಿನ ಮಗ್ಗವೇ ಇರಲಿಲ್ಲ. ಹನ್ನೆರಡು ದಿನದ ಹಾಳೆಗಳ ಮೇಲೆ ನಾನು, ಇದೇ ಕೈಯಿಂದ, ನಿಶ್ಶಬ್ದ ಎಂದು ಬರೆದಿದ್ದೆ.

ಹಾಗಾದರೆ ತಪ್ಪು ನನ್ನದೇ. ಆದರೆ ಮೇಡಂ ಟೈಪ್ ಮಾಡಿದ ಹಾಳೆಯಲ್ಲಿದ್ದ ತಪ್ಪಲ್ಲ.

ಸಂಜೆ ಸಂಜೀವಪ್ಪ ಮಾವನ ಶೆಡ್ಡಿಗೆ ಹೋದೆ. ಅಮ್ಮನ ಕಡೆಯಿಂದ ದೂರದ ನೆಂಟ. ಕೂಗದೆ ಅಲ್ಲಿ ಮಾತಾಡಲಾಗುವುದಿಲ್ಲ. ಅವನು ನನ್ನನ್ನು ಹೊರಗೆ ಕಲ್ಲುಬೆಂಚಿನ ಮೇಲೆ ಕೂರಿಸಿದ.

"ನಾಳೆ ಹನ್ನೊಂದು ಗಂಟೆಗೆ ಹತ್ತು ನಿಮಿಷ ಎಲ್ಲಾ ಮಗ್ಗ ನಿಲ್ಸ್‌ಬೇಕು ಮಾವ."

"ಕಂಪ್ಲೇಂಟಾ? ಸದ್ದು ಅಂತ ನಿಮ್ ಕಾಲೇಜಿನವ್ರು ಹೋದ್ವರ್ಷನೂ ಬಂದಿದ್ರು."

"ಕಂಪ್ಲೇಂಟಲ್ಲ. ಇಲಿಗೆ ದಾರಿ ನೆನಪಿದೆಯಾ ಅಂತ ನೋಡ್ಬೇಕು."

ಅವನು ನನ್ನ ಮುಖವನ್ನೇ ನೋಡಿದ. "ಓದಿ ಓದಿ ಹಿಂಗಾದ್ಯಾ, ಇಲ್ಲ ಮೊದ್ಲಿಂದಾನೂ ಹಿಂಗೇನಾ?"

ಎಲ್ಲ ಹೇಳಿದೆ. ಡೋಪಮೈನ್ ಬಿಟ್ಟು ಉಳಿದದ್ದೆಲ್ಲ. ಅವನು ಬೀಡಿ ಹಚ್ಚದೆ ಬೆರಳಲ್ಲೇ ಹಿಡಿದುಕೊಂಡು ಕೇಳಿದ.

"ಬಟ್ಟೆ ಮಧ್ಯೆ ಮಗ್ಗ ನಿಲ್ಸಿದ್ರೆ ಮತ್ತೆ ಶುರು ಮಾಡೋ ಜಾಗ್ದಲ್ಲಿ ಗೆರೆ ಬೀಳುತ್ತೆ. ನೇಕಾರರ ಮಗಳಾಗಿ ನಿಂಗೆ ಗೊತ್ತಿಲ್ವಾ?"

"ಗೊತ್ತು. ಕರೆಂಟು ಹೋದಾಗ್ಲೂ ಬೀಳುತ್ತೆ. ಆಗ ಏನ್ ಮಾಡ್ತೀರಾ?"

"ಕರೆಂಟಿನವ್ರನ್ನ ಬೈತೀನಿ."

"ನನ್ನೂ ಬೈರಿ."

ಅವನು ಬೀಡಿಯನ್ನು ಕಿವಿಯ ಹಿಂದೆ ಸಿಕ್ಕಿಸಿದ. "ಟೀಗೆ ಇಬ್ಬಿಬ್ಬರನ್ನೇ ಕಳಿಸೋದು. ನಾಳೆ ಎಲ್ರನ್ನೂ ಒಟ್ಟಿಗೆ ಕಳಿಸ್ತೀನಿ. ಹತ್ತು ನಿಮಿಷ, ಹನ್ನೊಂದು ಕೇಳ್ಬೇಡ. ಇನ್ನೊಂದು. ಅಮಾಸೆ ದಿನ ಮಗ್ಗ ನಿಲ್ಸಿದ್ದು ತಪ್ಪು ಅಂತ ನಿನ್ ಪುಸ್ತಕದಲ್ಲಿ ಎಲ್ಲೂ ಬರೀಬಾರ್ದು."

"ಬರ್ಯಲ್ಲ ಮಾವ. ತಪ್ಪು ನಂದು."

ಸೋಮವಾರ ಹತ್ತು ಗಂಟೆಗೆ ಮೇಡಂ ಇಲಿಮನೆಗೆ ಬಂದರು. ಕೈಯಲ್ಲಿ ಅದೇ ಹಾಳೆ. "ಸಹಿ?"

"ಹನ್ನೊಂದೂ ಕಾಲಿಗೆ ಹೇಳ್ತೀನಿ ಮೇಡಂ. ಅಲ್ಲೀವರೆಗೂ ಇಲ್ಲೇ ಇರಿ."

ಅವರಿಗೆ ಸಿಟ್ಟು ಬಂತು. ಆದರೂ ನಿಂತರು. ಬುಧವಾರ ದಾರಿ ತಪ್ಪಿದ್ದ ಉಪ್ಪುನೀರಿನ ಆರು ಇಲಿಗಳನ್ನು ವೆಂಕಟರಾಯಪ್ಪ ತಂದಿಟ್ಟರು. ಯಾವ ಸೂಜಿಯೂ ಇಲ್ಲ, ಯಾವ ಔಷಧಿಯೂ ಇಲ್ಲ. ಪೆಟ್ಟಿಗೆ ತೆಗೆದೇ ಇತ್ತು. ಕಿಂಡಿಯಿಂದ ಮಗ್ಗದ ಸದ್ದು ಬರುತ್ತಿತ್ತು. ಈಗ ನನಗೆ ಅದರ ಹೊರತು ಬೇರೇನೂ ಕೇಳಿಸುತ್ತಿರಲಿಲ್ಲ.

ಮೊದಲನೆಯದು ನಡುವಿನಲ್ಲಿ ಒಂದು ಸುತ್ತು ಹಾಕಿ ನೇರ ಹದಿಮೂರಕ್ಕೆ ಹೋಯಿತು. ಎರಡನೆಯದೂ. ಮೂರನೆಯದು ಹದಿನಾಲ್ಕನ್ನು ಮೂಸಿ ಹದಿಮೂರಕ್ಕೆ ಬಂತು. ಆರಕ್ಕೆ ಆರೂ ಮುಟ್ಟಿದವು.

"ಬುಧವಾರ ಮರ್ತಿದ್ದು ಇವತ್ತು ಹೆಂಗ್ ನೆಪ್ಪಾಯ್ತು ಇವಕ್ಕೆ?" ಎಂದರು ವೆಂಕಟರಾಯಪ್ಪ.

"ಮರ್ತಿರ್ಲಿಲ್ಲ" ಎಂದೆ. "ಹೊರಗೆ ತೆಗೆಯೋಕೆ ಆಗಿರ್ಲಿಲ್ಲ."

ಮೇಡಂ ಹುಬ್ಬು ಗಂಟಿಕ್ಕಿದರು. "ಏನು ಬದಲಾಯಿಸಿದ್ದೀಯ?"

"ಏನೂ ಇಲ್ಲ ಮೇಡಂ. ಇನ್ನೊಂದು ಐದು ನಿಮಿಷ."

ಹನ್ನೊಂದಕ್ಕೆ ಗೋಡೆಯಾಚೆ ಮಾವ "ಆಪಂಡ್ರಾ" ಎಂದು ಕೂಗಿದ. ಶೆಡ್ಡಿನಲ್ಲಿ ಅವರು ತೆಲುಗಿನಲ್ಲೇ ಮಾತಾಡುವುದು. ಮಗ್ಗಗಳು ನಿಂತವು. ಗಡಿಯಾರ ಕೇಳಿಸತೊಡಗಿತು. ಮೇಡಂ ತಲೆಯೆತ್ತಿ ಕಿಂಡಿಯ ಕಡೆ ನೋಡಿದರು. ಅವರು ಹುಟ್ಟಿ ಬೆಳೆದದ್ದು ಹೊಸಕೋಟೆ, ಮಗ್ಗದ ಊರಲ್ಲ. ಈ ಕಾಲೇಜಿನಲ್ಲಿ ಒಂಬತ್ತು ವರ್ಷ ಕಳೆದ ಮೇಲೆ ಅವರಿಗೂ ಆ ಸದ್ದು ಗೋಡೆಯ ಹಾಗೆ ಆಗಿಬಿಟ್ಟಿತ್ತು.

ಮೊದಲ ಇಲಿಯನ್ನು ಮತ್ತೆ ಬಿಟ್ಟೆ. ಅದು ನಡುವಿನಲ್ಲಿ ನಿಂತು ತಲೆಯೆತ್ತಿತು. ಕಿವಿ ಆಚೆ ಈಚೆ ತಿರುಗಿಸಿತು. ಆಮೇಲೆ ಎರಡನೆಯ ತೂತಿಗೆ ಹೋಯಿತು, ಅಲ್ಲಿಂದ ಐದಕ್ಕೆ, ಒಂಬತ್ತಕ್ಕೆ, ಮತ್ತೆ ಎರಡಕ್ಕೆ. ಒಂದೂವರೆ ನಿಮಿಷ ಅಲೆಯಿತು. ಎರಡನೆಯದು ಅಂಚಿನಲ್ಲೇ ಕೂತುಬಿಟ್ಟಿತು. ಮೂರನೆಯದೂ ಅಲೆಯಿತು.

ನಾಲ್ಕನೆಯದನ್ನು ಬಿಟ್ಟಾಗ ಹನ್ನೊಂದು ಗಂಟೆ ಒಂಬತ್ತು ನಿಮಿಷ. ಅದು ಹದಿನೆಂಟನೆಯ ತೂತನ್ನು ಮೂಸಿ ಹತ್ತೊಂಬತ್ತರ ಕಡೆ ಹೊರಟಿತ್ತು. ಆಗ ಗೋಡೆಯಾಚೆ ಒಂದು ಮಗ್ಗ ಶುರುವಾಯಿತು, ಅದರ ಹಿಂದೆ ಇನ್ನೊಂದು, ಆಮೇಲೆ ಎಲ್ಲವೂ. ಮಾವ ಹತ್ತು ನಿಮಿಷ ಎಂದದ್ದು ಒಂಬತ್ತೇ ಆಯಿತು. ಇಲಿ ನಡೆಯುತ್ತಿದ್ದುದು ನಿಂತಿತು. ದೇಹ ಅಲ್ಲೇ ಇಟ್ಟುಕೊಂಡು ತಲೆ ಮಾತ್ರ ತಿರುಗಿಸಿತು. ಆಮೇಲೆ ಮೇಜನ್ನು ಅಡ್ಡ ದಾಟಿ, ಬೇರೆ ಯಾವ ತೂತನ್ನೂ ಮೂಸದೆ, ಹದಿಮೂರಕ್ಕೆ ಹೋಗಿ ಮೂಗಿಟ್ಟಿತು.

ವೆಂಕಟರಾಯಪ್ಪ "ಅಯ್ಯೋ ನಿನ್ನ" ಎಂದಷ್ಟೇ ಅಂದರು.

ಮೇಡಂ ಸ್ಟೂಲಿನ ಮೇಲೆ ಕೂತರು. ಕೈಯಲ್ಲಿದ್ದ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಪರ್ಸಿಗೆ ಹಾಕಿಕೊಂಡರು.

"ಅರ್ಥ ಆಗಿದೆಯಾ ನಿಂಗೆ? ಇದನ್ನ ಬರೆದ್ರೆ ಮೊದಲ್ನೇ ಬ್ಯಾಚೂ ಹೋಗುತ್ತೆ. ಅವೂ ಮಗ್ಗ ಕೇಳ್ಕೊಂಡೇ ಹೋಗಿದ್ದು."

"ಆಗಿದೆ."

"ಜಾಗ ನೆನಪಿಟ್ಕೊಂಡಿದ್ವಾ, ಬರೀ ಸದ್ದಿನ ಕಡೆ ನಡೆದ್ವಾ, ಹೇಳೋಕಾಗಲ್ಲ. ಔಷಧಿ ಯಾವುದನ್ನ ಕೆಡಿಸ್ತು ಅಂತಾನೂ ಹೇಳೋಕಾಗಲ್ಲ. ಆ ಚೆಂದದ ಗ್ರಾಫು ಪೂರ್ತಿ ಕಸ."

"ಹೌದು ಮೇಡಂ."

"ಸುಮ್ನೆ ಸಿರಿಂಜ್ ಅಂತ ಸಹಿ ಮಾಡಿದ್ರೆ ನಿನ್ ಅರ್ಧ ಕೆಲಸ ಉಳೀತಿತ್ತು."

"ಸಿರಿಂಜ್ ತಪ್ಪಾಗಿರ್ಲಿಲ್ಲ. ನಿಶ್ಶಬ್ದ ಅಂತ ಬರೆದಿದ್ದು ತಪ್ಪು. ಅದಕ್ಕೆ ಸಹಿ ಮಾಡ್ತೀನಿ, ಈಗ್ಲೇ ಮಾಡ್ತೀನಿ."

ಅವರು ನನ್ನನ್ನು ನೋಡಿದ ರೀತಿಯಲ್ಲಿ ಮೆಚ್ಚುಗೆಯೇನೂ ಇರಲಿಲ್ಲ. ದಣಿವಿತ್ತು. "ಸಮ್ಮೇಳನದವ್ರಿಗೆ ನಾನು ಬರೀತೀನಿ, ವಾಪಸ್ ತಗೊಳ್ತೀವಿ ಅಂತ" ಎಂದರು. "ಹನ್ನೆರಡು ಇಲಿ ಇದಾವೆ. ಒಪ್ಪಿಸೋಕೆ ಮೂವತ್ತು ದಿನ. ಎಲ್ಲಿ ಮಾಡ್ತೀಯ? ಈ ಕೋಣೆ ಆಗಲ್ಲ."

ಮೂಡಣ ತುದಿಯಲ್ಲಿ ಗಾಜಿನ ಸಾಮಾನು ತುಂಬುವ ಸ್ಟೋರ್ ರೂಮಿತ್ತು. ಅಲ್ಲಿದ್ದ ಪೆಟ್ಟಿಗೆಗಳನ್ನು ನಾನೂ ವೆಂಕಟರಾಯಪ್ಪನವರೂ ಎರಡು ದಿನ ಹೊತ್ತು ಆಚೆ ಹಾಕಿದೆವು. ಕಿಟಕಿಗೆ ಹಳೆಯ ಹಾಸಿಗೆ ಸಿಕ್ಕಿಸಿ ಮೊಳೆ ಹೊಡೆದೆವು. ಮೇಜಿನ ಕೆಳಗೆ, ಎಲ್ಲ ದಿಕ್ಕಿಗೂ ಒಂದೇ ಸಮ ಕೇಳುವ ಹಾಗೆ, ಎರಡು ಟೇಬಲ್ ಫ್ಯಾನು ಇಟ್ಟೆ. ಬಣ್ಣದ ಕಾಗದ ಬಿಸಾಕಿದೆ. ಮಂದ ಕಣ್ಣಿಗೂ ಕಾಣಲೆಂದು ಬಾಗಿಲಗಲದ ರಟ್ಟುಗಳಿಗೆ ಕಪ್ಪು ಬಳಿದು, ಒಂದಕ್ಕೆ ಅಡ್ಡ ಪಟ್ಟೆ, ಒಂದಕ್ಕೆ ಉದ್ದ ಪಟ್ಟೆ, ಒಂದಕ್ಕೆ ದೊಡ್ಡ ಬಿಳಿ ದುಂಡು ಬರೆದು ಮೇಜಿಗೆ ಒಂದು ಗೇಣು ದೂರದಲ್ಲಿ ನಿಲ್ಲಿಸಿದೆ.

ಸದ್ದು ಅಳೆಯುವ ಆ್ಯಪು ದಿಕ್ಕಿನಿಂದ ದಿಕ್ಕಿಗೆ ಸೊನ್ನೆ ವ್ಯತ್ಯಾಸ ತೋರಿಸಿತು. ನಾನು ನಂಬಲಿಲ್ಲ. ನನ್ನ ಕಿವಿಯನ್ನು ಮೊದಲೇ ನಂಬುವ ಹಾಗಿರಲಿಲ್ಲ. ಶಶಿಯನ್ನು ಕರೆಸಿ ಕಣ್ಣು ಮುಚ್ಚಿಸಿ ಕೋಣೆಯ ನಡುವೆ ನಿಲ್ಲಿಸಿದೆ.

"ಮಗ್ಗ ಯಾವ ಕಡೆ?"

"ಅಲ್ಲಿ." ಸರಿಯಾಗಿ ಪಡುವಣಕ್ಕೆ ಬೆರಳು ತೋರಿಸಿದ. "ಕೋಲು ಇನ್ನೂ ಸರಿ ಮಾಡ್ಸಿಲ್ಲ ಆವಯ್ಯ."

ಬಾಗಿಲ ಸಂದಿಗೆ ಚಿಂದಿ ತುರುಕಿದೆ.

"ಈಗ?"

"ಅಲ್ಲೇ. ಸಣ್ಣಗೆ."

ಬಾಗಿಲಿನಾಚೆ ಇನ್ನೊಂದು ಹಾಸಿಗೆ ಒರಗಿಸಿ, ಫ್ಯಾನನ್ನು ಒಂದು ಮಟ್ಟ ಏರಿಸಿದೆ. ಅವನು ಕಣ್ಣು ಮುಚ್ಚಿಕೊಂಡು ಬಹಳ ಹೊತ್ತು ನಿಂತ. ಒಮ್ಮೆ ಕಿಟಕಿಯ ಕಡೆ ಬೆರಳೆತ್ತಿದ, ಮತ್ತೆ ಇಳಿಸಿದ.

"ಗೊತ್ತಾಗ್ತಿಲ್ಲ ಕಣೇ. ನಿಮ್ ಇಲಿಗಳಿಗಿಂತ ನಂಗೆ ಜಾಸ್ತಿ ಪರೀಕ್ಷೆ ಮಾಡಿದ್ಯಲ್ಲ. ಊಟಕ್ಕಾದ್ರೂ ಹಾಕು."

ಕ್ಯಾಂಟೀನಿನಲ್ಲಿ ಮುದ್ದೆ ಕೊಡಿಸಿದೆ.

ಪರೀಕ್ಷೆಯ ದಿನವನ್ನು ನಾನೇ ಆರಿಸಿದೆ. ಕಲಿಕೆಯ ಐದು ದಿನವೂ ಮಾವನ ಮಗ್ಗಗಳು ಓಡುತ್ತಿರಬೇಕು, ಆರನೆಯ ದಿನ ನಿಂತಿರಬೇಕು. ಹಾಗಿದ್ದೂ ಉಪ್ಪುನೀರಿನ ಇಲಿಗಳು ಹದಿಮೂರಕ್ಕೆ ಹೋದರೆ ಅವು ಮಗ್ಗ ಕೇಳಿಕೊಂಡು ಹೋದವಲ್ಲ.

"ಮುಂದಿನ ಅಮಾವಾಸ್ಯೆಗಾ?" ಎಂದರು ಮೇಡಂ ದಿನಾಂಕ ನೋಡಿ. "ಬೇಕಂತಲೇ?"

"ಬೇಕಂತಲೇ."

"ಮತ್ತೆ ಹನ್ನೆರಡೂ ತಪ್ಪಿದ್ರೆ?"

"ತಪ್ಪಿದ್ವು ಅಂತ ಬರೀತೀನಿ. ಒಪ್ಪಿಸೋಕೆ ಐದು ದಿನ ಇರುತ್ತೆ."

ಆ ಸಲ ಸಿರಿಂಜ್‌ಗಳನ್ನು ಮೇಡಂ ತಾವೇ ತುಂಬಿ, ಎ ಮತ್ತು ಬಿ ಎಂದು ಚೀಟಿ ಅಂಟಿಸಿ, ಯಾವುದು ಏನೆಂದು ಬರೆದ ಲಕೋಟೆಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು. ನನಗೂ ಗೊತ್ತಿಲ್ಲ, ವೆಂಕಟರಾಯಪ್ಪನವರಿಗೂ ಗೊತ್ತಿಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಶುರು ಮಾಡಿ ಹನ್ನೆರಡಕ್ಕೆ ಮುಗಿಸಿದೆ. ಗೋಡೆಯಾಚೆ ಶೆಡ್ಡಿನ ಬಾಗಿಲು ಎಳೆದಿತ್ತು, ಮೇಲೆ ಹಸಿ ಮಾವಿನೆಲೆ ಸಿಕ್ಕಿಸಿದ್ದರು.

ಲಕೋಟೆ ಒಡೆದಾಗ ಉಪ್ಪುನೀರಿನ ಇಲಿಗಳು ಹದಿಮೂರು ಮುಟ್ಟುವ ಮೊದಲು ಮಾಡಿದ ತಪ್ಪುಗಳು ಹೀಗಿದ್ದವು: ಮೂರು, ಎರಡು, ಐದು, ನಾಲ್ಕು, ಎರಡು, ಆರು. ಔಷಧಿಯವು: ಐದು, ನಾಲ್ಕು, ಏಳು, ಮೂರು, ಆರು, ಎಂಟು.

ಮೇಡಂ ಲೆಕ್ಕದ ಪ್ರೋಗ್ರಾಮಿಗೆ ಹಾಕಿ ನೋಡಿದರು. "ವ್ಯತ್ಯಾಸ ಇದೆ. ಆದ್ರೆ ಖಡಾಖಂಡಿತ ಹೇಳೋಷ್ಟು ಇಲ್ಲ. ಹನ್ನೆರಡು ಸಾಲ್ದು."

"ಹಂಗೇ ಬರೀತೀನಿ."

"ವೈವಾದಲ್ಲಿ ನಿನ್ನ ಹುರಿದು ಹಾಕ್ತಾರೆ."

"ಹಾಕ್ಲಿ ಮೇಡಂ. ಯಾವ ಪ್ರಶ್ನೆ ಕೇಳಿದ್ರೂ ನಂಗೆ ಉತ್ತರ ಗೊತ್ತು."

ಆ ರಾತ್ರಿ ಮತ್ತು ಮರುದಿನ ಕೂತು ಬರೆದೆ. ಡೋಪಮೈನ್ ತಡೆದಾಗ ಕಲಿತ ಜಾಗವನ್ನು ನೆನಪಿಗೆ ತರುವುದು ಕಷ್ಟವಾಗುವ ಸೂಚನೆ ಕಂಡಿದೆ, ಇಷ್ಟು ಪ್ರಾಣಿಗಳಿಂದ ಇದನ್ನು ಸಾಬೀತಾಯಿತು ಎನ್ನಲಾಗದು ಎಂದೆ. ಮೊದಲ ಎರಡು ತಂಡಗಳ ಇಪ್ಪತ್ತನಾಲ್ಕು ಇಲಿಗಳ ಫಲಿತಾಂಶವನ್ನೂ ಪೂರ್ತಿ ಕೊಟ್ಟು, ಅದನ್ನೇಕೆ ಲೆಕ್ಕಕ್ಕೆ ಹಿಡಿಯಬಾರದು ಎಂದು ಒಂದು ಪುಟ ಬರೆದೆ. ಆ ಪುಟದ ಮೊದಲ ಸಾಲು ಇದು: "ಪ್ರಯೋಗ ಕೋಣೆ ನಿಶ್ಶಬ್ದವಾಗಿತ್ತು ಎಂದು ದಾಖಲಿಸಿದ್ದು ವಿದ್ಯಾರ್ಥಿನಿಯ ತಪ್ಪು. ಪಕ್ಕದ ಶೆಡ್ಡಿನಲ್ಲಿ ಹದಿನಾರು ಮಗ್ಗಗಳು ಓಡುತ್ತಿದ್ದವು." ಅಮಾವಾಸ್ಯೆಯ ಬಗ್ಗೆ, ಅದು ಆ ಶೆಡ್ಡಿನ ರಜಾದಿನ ಎಂದಷ್ಟೇ ಬರೆದೆ.

ಒಪ್ಪಿಸುವ ದಿನ ಮೇಡಂ ಆ ಪುಟವನ್ನು ನಿಂತುಕೊಂಡೇ ಓದಿದರು. ತಿದ್ದಲು ಪೆನ್ನು ತೆಗೆದರು, ತಿದ್ದಲಿಲ್ಲ. ಅದರ ಕೆಳಗೆ ನನ್ನ ಸಹಿ ಆಗಲೇ ಇತ್ತು. ಅದರ ಪಕ್ಕ ತಮ್ಮದನ್ನೂ ಹಾಕಿ ಹಾಳೆ ತಿರುವಿದರು.